ತೊಗರಿ ಈಗಲೇ ಮಾರೋದಾ, ಕಾರಹುಣ್ಣಿಮೆ ತನಕ ಇಡೋದಾ? ದರ ಏರುವ ತಿಂಗಳು ಅಂತ ಒಂದು ಇದೆಯಾ?

ಚಿತ್ತಾಪುರ_ಕಪ್ಪುನೆಲ

ರಾಶಿ ಮುಗಿದಿದೆ. 6 ಎಕರೆಯಿಂದ 24 ಕ್ವಿಂಟಾಲ್ ತೊಗರಿ, ಟಿಎಸ್-3ಆರ್ ತಳಿ, ಯಂತ್ರದ ಕಟಾವು. ಕಾಳು ಚೆನ್ನಾಗಿದೆ, ಸ್ವಲ್ಪ ಹಸಿ ಇದೆ ಅಷ್ಟೆ. ಗಂಜ್‌ನಲ್ಲಿ (ಎಪಿಎಂಸಿ ಮಾರುಕಟ್ಟೆ) ಕೇಳಿದ ದರ 2025-26ರ ಬೆಂಬಲ ಬೆಲೆ ಕ್ವಿಂಟಾಲಿಗೆ 8,000 ರೂಪಾಯಿಗಿಂತ ಸಾಕಷ್ಟು ಕೆಳಗಿದೆ. ಊರಲ್ಲಿ ಎಲ್ಲರದೂ ಒಂದೇ ಮಾತು: ‘ಜನವರಿಯಲ್ಲಿ ಮಾರಿದವ ಕೆಟ್ಟ, ಆಗಸ್ಟ್‌ನಲ್ಲಿ ಮಾರಿದವ ಗೆದ್ದ.’

ನನ್ನ ಪ್ರಶ್ನೆ ಮೂರು. ತೊಗರಿ ದರ ತಿಂಗಳಿಂದ ತಿಂಗಳಿಗೆ ಏರಿಳಿಯೋದರಲ್ಲಿ ನಿಜಕ್ಕೂ ಒಂದು ಕ್ರಮ ಇದೆಯಾ? ಇಟ್ಟುಕೊಂಡರೆ ಎಷ್ಟು ಏರಿದರೆ ಗಿಟ್ಟುತ್ತೆ, ಲೆಕ್ಕ ಹಾಕೋದು ಹೇಗೆ? ಬೆಂಬಲ ಬೆಲೆಯ ಖರೀದಿ ಕೇಂದ್ರಕ್ಕೆ ಕಾಯೋದು ಲಾಭವೋ ತಲೆನೋವೋ? ‘ಮಾರುಕಟ್ಟೆ ಯಾರಿಗೂ ಗೊತ್ತಾಗಲ್ಲ’ ಅನ್ನೋ ಉತ್ತರ ದಯವಿಟ್ಟು ಬೇಡ. ಅದು ನನಗೂ ಗೊತ್ತು.

ಧಾರಣೆಪಟ್ಟಿ

ಕ್ರಮ ಇದೆ. ಆದರೆ ಊರವರು ಹೇಳುವ ಕ್ರಮ ಹದಿನೈದು ವರ್ಷ ಹಳೆಯದು. ತಿಂಗಳ ಲೆಕ್ಕ ಮೊದಲು ಹೇಳ್ತೀನಿ.

ಮೃಗಶಿರ, ಆರಿದ್ರಾ ಮಳೆಗೆ ಬಿತ್ತಿದ ತೊಗರಿ ಡಿಸೆಂಬರ್ ಎರಡನೇ ವಾರದಿಂದ ಮಾರುಕಟ್ಟೆಗೆ ಬರೋಕೆ ಶುರು. ಎಳ್ಳ ಅಮಾವಾಸ್ಯೆ ಕಳೆದ ಮೇಲೆ ಆವಕ ಜೋರಾಗುತ್ತೆ, ಸಂಕ್ರಾಂತಿಯಿಂದ ಫೆಬ್ರವರಿ ಕೊನೆವರೆಗೆ ತುಂಬು ಆವಕ. ಕಲಬುರಗಿ ಒಂದೇ ಅಲ್ಲ, ವಿಜಯಪುರ, ಯಾದಗಿರಿ, ರಾಯಚೂರು, ಬೀದರ, ಆ ಕಡೆ ಸೊಲ್ಲಾಪುರ, ಲಾತೂರು, ಅಕೋಲಾ, ಈ ಕಡೆ ತಾಂಡೂರು, ಎಲ್ಲ ಕಡೆ ಇದೇ ಎರಡು ತಿಂಗಳಲ್ಲಿ ಕಾಳು ಬೀಳುತ್ತೆ. ಯಂತ್ರದ ಕಟಾವು ಬಂದ ಮೇಲೆ ಇದು ಇನ್ನೂ ಬಿಗಿಯಾಗಿದೆ. ಮೊದಲು ಕೊಯ್ದು, ಗೂಡು ಹಾಕಿ, ಒಣಗಿಸಿ, ಬಡಿದು ತರೋದರೊಳಗೆ ತಾನಾಗಿಯೇ ಮೂರು ನಾಲ್ಕು ವಾರ ಹಿಂದೆ ಮುಂದೆ ಆಗುತ್ತಿತ್ತು. ಈಗ ಹೊಲದಿಂದ ಟ್ರ್ಯಾಕ್ಟರ್ ನೇರ ಗಂಜ್‌ಗೆ. ಹಾಗಾಗಿ ವರ್ಷದ ತಗ್ಗು ದರ ಸಾಮಾನ್ಯವಾಗಿ ಈ ಎಂಟು ಹತ್ತು ವಾರದಲ್ಲೇ ಬೀಳೋದು. ಇದೇ ಹೊತ್ತಿಗೆ ಮ್ಯಾನ್ಮಾರ್‌ನ ಹೊಸ ತೊಗರಿ, ವ್ಯಾಪಾರಿಗಳು ‘ಲೆಮನ್’ ಅನ್ನುವ ಮಾಲು, ಚೆನ್ನೈ ಮತ್ತು ಮುಂಬೈಗೆ ಬರೋಕೆ ಶುರುವಾಗುತ್ತೆ.

ಮಾರ್ಚ್ ಕೊನೆಗೆ ಆವಕ ಇಳಿಯುತ್ತೆ. ಯುಗಾದಿ ಆದ ಮೇಲೆ ಗಂಜ್‌ಗೆ ಬರೋದು ತಡೆದಿಟ್ಟವರ ಮಾಲು ಮಾತ್ರ. ಏಪ್ರಿಲ್‌ನಿಂದ ಜುಲೈವರೆಗೆ ದರ ಏರುವ ಕಾಲ. ಜೂನ್‌ನಲ್ಲಿ ಮಳೆ ಕೈಕೊಟ್ಟರೆ ಅಥವಾ ಬಿತ್ತನೆ ಪ್ರದೇಶ ಕಡಿಮೆ ಅಂತ ಸುದ್ದಿ ಬಂದರೆ ಒಂದೇ ವಾರದಲ್ಲಿ ನೂರಾರು ರೂಪಾಯಿ ಹೆಚ್ಚು ಕಡಿಮೆ ಆಗುತ್ತೆ.

ಊರವರ ಲೆಕ್ಕ ತಪ್ಪೋದು ಇಲ್ಲಿಂದ ಮುಂದೆ. ಮೊಜಾಂಬಿಕ್, ತಾಂಜಾನಿಯಾ, ಮಲಾವಿ ಕಡೆ ತೊಗರಿ ಕಟಾವು ಆಗೋದು ಜುಲೈನಿಂದ ಸೆಪ್ಟೆಂಬರ್. ಅದು ಹಡಗು ಹತ್ತಿ ಮುಂಬೈ ಪಕ್ಕದ ನ್ಹಾವಾ ಶೇವಾ ಬಂದರು ಮುಟ್ಟೋದು ಆಗಸ್ಟ್ ಕೊನೆಯಿಂದ ನವೆಂಬರ್. ಅಂದರೆ ನಮ್ಮಲ್ಲಿ ಕಾಳು ಮುಗಿಯುವ ತಿಂಗಳಲ್ಲೇ ಅವರ ಕಾಳು ಬರುತ್ತೆ. 2025-26ರವರೆಗೆ ಮೊಜಾಂಬಿಕ್ ಜತೆ ವರ್ಷಕ್ಕೆ 2 ಲಕ್ಷ ಟನ್, ಮಲಾವಿ ಜತೆ 50 ಸಾವಿರ ಟನ್, ಮ್ಯಾನ್ಮಾರ್ ಜತೆ 1 ಲಕ್ಷ ಟನ್ ತೊಗರಿಗೆ ಒಪ್ಪಂದ ಇತ್ತು. ಇದರ ಮೇಲೆ 2021ರ ಮೇ ತಿಂಗಳಲ್ಲಿ ಆಮದಿನ ಮಿತಿ ತೆಗೆದರು, 2023ರಲ್ಲಿ ಒಡೆಯದ ಇಡೀ ಕಾಳಿನ ತೊಗರಿಗೆ ಇದ್ದ 10% ಸುಂಕವನ್ನೂ ತೆಗೆದರು. ಈ ಸಡಿಲಿಕೆಯನ್ನು ವರ್ಷ ವರ್ಷ ಮುಂದುವರಿಸುತ್ತಾ ಬಂದು 2025ರ ಜನವರಿಯಲ್ಲಿ 2026ರ ಮಾರ್ಚ್ 31ರವರೆಗೆ ತಂದರು. ಆಗಸ್ಟ್‌ಗೆ ಅಂತ ತಡೆದಿಟ್ಟವನ ಎದುರಿಗೆ ನಿಲ್ಲೋದು ಪಕ್ಕದ ಊರಿನವನಲ್ಲ, ಮೊಜಾಂಬಿಕ್‌ನ ನಕಾಲಾ ಬಂದರಿನ ಹಡಗು. 2023ರ ಕೊನೆಗೆ ಆ ಬಂದರಿನಲ್ಲಿ ರಫ್ತು ವ್ಯಾಜ್ಯಕ್ಕೆ ಸಿಕ್ಕಿ ಮಾಲು ನಿಂತಾಗ ಅದರ ಬಿಸಿ ಇಲ್ಲಿನ ಧಾರಣೆಗೂ ತಟ್ಟಿತ್ತು.

ಇನ್ನೊಂದು, ದಾಸ್ತಾನು ಮಿತಿ. 2023ರಲ್ಲಿ ಆದೇಶ ಬಂದಿದ್ದು ಜೂನ್ 2ಕ್ಕೆ, 2024ರಲ್ಲಿ ಜೂನ್ 21ಕ್ಕೆ. ಎರಡೂ ಸಲ ಸಗಟು ವ್ಯಾಪಾರಿಗೆ 200 ಟನ್ ಮಿತಿ. 2023ರ ಸೆಪ್ಟೆಂಬರ್‌ನಲ್ಲಿ ಅದನ್ನೇ 50 ಟನ್‌ಗೆ ಇಳಿಸಿದರು. ಮಿತಿ ರೈತನಿಗೆ ಅನ್ವಯಿಸಲ್ಲ, ನಿಜ. ಆದರೆ ನಿಮ್ಮ ಕಾಳು ಕೊಳ್ಳುವವನ ಗೋದಾಮಿಗೆ ಬೀಗ ಬಿದ್ದರೆ ನಿಮಗೆ ಬಿದ್ದ ಹಾಗೇ. ದರ ಏರೋದು ಜೂನ್‌ನಲ್ಲಿ, ಸರ್ಕಾರದ ಕಣ್ಣು ಬೀಳೋದೂ ಜೂನ್‌ನಲ್ಲಿ.

ಈಗ ಮೂರು ವರ್ಷ ಪಕ್ಕ ಪಕ್ಕ ಇಟ್ಟು ನೋಡಿ. 2023ರಲ್ಲಿ ನೆಟೆ ರೋಗದಿಂದ ಹಿಂದಿನ ಬೆಳೆ ಹೊಡೆತ ತಿಂದಿತ್ತು, ಮಳೆಯೂ ಕೈಕೊಟ್ಟಿತು: ತಡೆದಿಟ್ಟವರು ಗೆದ್ದರು, ದರ 10,000 ದಾಟಿತು. 2024ರಲ್ಲಿ ಮುಂಗಾರಿನ ತನಕ ಏರಿತು, ಮಳೆ ಚೆನ್ನಾಗಿ ಆಗಿ ಬಿತ್ತನೆ ಹೆಚ್ಚಿದ್ದು ಗೊತ್ತಾದ ಮೇಲೆ ಇಳಿಯುತ್ತಾ ಹೋಯಿತು: ಜೂನ್‌ನಲ್ಲಿ ಮಾರಿದವ ಗೆದ್ದ, ಡಿಸೆಂಬರ್ ತನಕ ಇಟ್ಟವ ಸೋತ. 2025ರಲ್ಲಿ ಮುಂಗಾರಿಗೆ ಕಾದವರಿಗೆ ಆ ವರ್ಷದ ಬೆಂಬಲ ಬೆಲೆ 7,550 ಕೂಡ ಗಂಜ್‌ನಲ್ಲಿ ಸಿಗಲಿಲ್ಲ. ಕ್ಯಾಲೆಂಡರ್ ಮೂರೂ ವರ್ಷ ಒಂದೇ, ಫಲಿತಾಂಶ ಮೂರು. ಇನ್ನೂ ಹಿಂದೆ ಹೋದರೆ 2015ರ ಅಕ್ಟೋಬರ್‌ನಲ್ಲಿ ಬೇಳೆ ಕಿಲೋಗೆ 200ರ ಹತ್ತಿರ ಹೋಗಿದ್ದನ್ನು ನೋಡಿ ದೇಶವೆಲ್ಲ ತೊಗರಿ ಬಿತ್ತಿತು. ಉತ್ಪಾದನೆ ಸುಮಾರು 26 ಲಕ್ಷ ಟನ್‌ನಿಂದ 48 ಲಕ್ಷ ಟನ್ ದಾಟಿತು. 2017ರಲ್ಲಿ ಬೆಂಬಲ ಬೆಲೆ 5,050 ಇದ್ದರೂ ಮಾರುಕಟ್ಟೆ ಅದರ ಕೆಳಗೇ ಇತ್ತು. ಆ ವರ್ಷ ಎಷ್ಟು ತಿಂಗಳು ಕಾದರೂ ಏರಿಕೆ ಬರಲಿಲ್ಲ.

ಆದ್ದರಿಂದ ‘ಯಾವ ತಿಂಗಳು’ ಅಂತ ಕೇಳೋದಕ್ಕಿಂತ ‘ಈ ವರ್ಷ ಕಾಳು ಯಾರ ಹತ್ತಿರ ಇದೆ’ ಅಂತ ಕೇಳಿ. ಬೆಳೆ ಕಮ್ಮಿಯಾಗಿ ಗಿರಣಿಗಳು ಫೆಬ್ರವರಿಯಲ್ಲೇ ಪೈಪೋಟಿಗೆ ಬಿದ್ದು ಕೊಳ್ಳುತ್ತಿದ್ದರೆ ತಡೆಯೋದರಲ್ಲಿ ಅರ್ಥ ಇದೆ. ಊರಿನ ಪ್ರತಿ ಮನೆಯಲ್ಲೂ ಚೀಲ ಪೇರಿಸಿದ್ದರೆ ಜೂನ್‌ನಲ್ಲಿ ಎಲ್ಲರೂ ಒಟ್ಟಿಗೆ ಬಾಗಿಲು ತೆಗೀತಾರೆ.

ಗಂಜ್‌ಕಟ್ಟೆ

ಮ್ಯಾಲಿನವರು ದೇಶದ ಲೆಕ್ಕ ಹೇಳ್ಯಾರ, ನಾ ಚೀಲದ ಲೆಕ್ಕ ಹೇಳ್ತೀನಿ.

ಅಣ್ಣಾರ, ‘ಸ್ವಲ್ಪ ಹಸಿ ಇದೆ ಅಷ್ಟೆ’ ಅಂತ ಬರ್ದೀರಿ. ನಿಮ್ಮ ರೊಕ್ಕ ಹೋಗೋದೇ ಅಲ್ಲಿ. ಯಂತ್ರದ ಕಟಾವಿನ್ಯಾಗ ಹಸಿ ಕಡ್ಡಿ, ಹಸಿ ಕಾಯಿ ಚೂರು ಕಾಳಿನ ಸಂಗಟ ಬರ್ತಾವ. ಕಾಳಿನ ತೇವ 12% ಇದ್ರೂ ಆ ಕಡ್ಡಿಯಿಂದ ಚೀಲದ ನಡುವ ತೇವ 14, 15 ಆಗಿ ಕುಂತಿರ್ತದ. ಖರೀದಿದಾರ ಚೀಲದಾಗ ಮೊಣಕೈ ತನಕ ಕೈ ಹಾಕಿ ಒಳಗಿಂದ ಹಿಡಿ ಕಾಳು ತೆಗೀತಾನ, ಮ್ಯಾಲಿಂದಲ್ಲ. ಒಂದು ಕಾಳು ಹಲ್ಲಿನ ನಡುವ ಇಟ್ಟು ಕಚ್ಚತಾನ. ಕಟ್ ಅಂತ ಎರಡು ಹೋಳಾದ್ರ ಒಣ ಮಾಲು. ಚಪ್ಪಟಿ ಆಗಿ ಹಲ್ಲಿಗೆ ಅಂಟಿದ್ರ ಹಸಿ. ಅದರ ಮ್ಯಾಲ ಟೆಂಡರ್ ದರ ನಿಂತದ, ಯಂತ್ರದ ಮೀಟರ್ ಆಮ್ಯಾಲ.

ಹಂಗಾಗಿ ಮಾರೋದಿರ್ಲಿ, ಇಡೋದಿರ್ಲಿ, ಮೊದಲ ಇದನ್ನ ಮಾಡ್ರಿ. ತಾಡಪತ್ರಿ ಮ್ಯಾಲ ಎರಡು ಮೂರು ಬೆರಳಷ್ಟು ದಪ್ಪ ಹರವಿ, ಎರಡರಿಂದ ಮೂರು ದಿನ ಬಿಸಲಿಗೆ ಹಾಕ್ರಿ. ತಾಸಿಗೊಮ್ಮೆ ಕಾಲಿಂದ ಗೆರಿ ಎಳೀರಿ. ಸಂಜಿ ಮಂಜು ಬೀಳೋದ್ರೊಳಗ ಮುಚ್ಚರಿ, ಇಲ್ಲಂದ್ರ ಹಗಲು ಒಣಗಿದ್ದು ರಾತ್ರಿ ತಿರುಗಿ ಹಸಿ ಆಗ್ತದ. ಆಮ್ಯಾಲ ಜರಡಿ ಹಿಡೀರಿ, ಕಡ್ಡಿ, ಮಣ್ಣು, ಜೊಳ್ಳು ಹೊರಗ ಹಾಕ್ರಿ. ಈಗ ಮಾರೋದಿದ್ರ 12ಕ್ಕ ನಿಲ್ಲಸ್ರಿ, ಅದಕ್ಕಿಂತ ಒಣಗಿಸಿದ್ರ ತೂಕ ಸುಮ್ನ ಗಾಳಿಗೆ ಕೊಟ್ಟಂಗ. ಇಡೋದಿದ್ರ 10ಕ್ಕ ಇಳಿಸಬೇಕು, ಬ್ಯಾರೆ ದಾರಿ ಇಲ್ಲ.

ಯಾಕಂದ್ರ ಹುಳ ಮನ್ಯಾಗ ಹುಟ್ಟೋದಲ್ಲ, ಹೊಲದಿಂದ ಬರ್ತದ. ಕಾಯಿ ಒಣಗಾಕ ಹತ್ತಿದಾಗ ನುಸಿ ತತ್ತಿ ಇಟ್ಟಿರ್ತದ. ಕಾಳಿನ ಮ್ಯಾಲ ಸಣ್ಣ ಬಿಳಿ ಚುಕ್ಕಿ ಕಂಡ್ರ ಅದೇ. ಬ್ಯಾಸಗಿ ಶೆಕಿಗೆ ಒಂದು ತಲಿಮಾರು ತಿಂಗಳೊಳಗ ಮುಗೀತದ, ಏಪ್ರಿಲ್‌ಗೆ ಎರಡು ಚೀಲದಾಗ ಇದ್ದದ್ದು ಜೂನ್‌ಗೆ ಎಲ್ಲಾ ಚೀಲದಾಗ. ತೂತು ಬಿದ್ದ ಕಾಳು 4%ಕ್ಕಿಂತ ಹೆಚ್ಚಾದ್ರ ಬೆಂಬಲ ಬೆಲೆ ಕೇಂದ್ರದವರೂ ವಾಪಸ್ ಕಳಸ್ತಾರ.

ಮನ್ಯಾಗ ಇಡೋದಿದ್ರ ಒಳಗ ಎರಡು ಪ್ಲಾಸ್ಟಿಕ್ ಪದರ ಇರೋ ಗಾಳಿಯಾಡದ ಚೀಲ ತರ್ರಿ, ಬಾಯಿ ತಿರುವಿ ಬಿಗಿಯಾಗಿ ಕಟ್ರಿ, ನಡುವ ಬಿಚ್ಚಿ ನೋಡಬ್ಯಾಡ್ರಿ. ಒಳಗಿನ ಗಾಳಿ ಮುಗಿದ್ರ ಹುಳ ಸಾಯ್ತದ, ಬಿಚ್ಚಿದ್ರ ಜೀವ ಬರ್ತದ. ಕಟ್ಟಿಗಿ ಹಲಗಿ ಮ್ಯಾಲ, ಗ್ವಾಡಿಯಿಂದ ಒಂದು ಮೊಳ ದೂರ. ಗೋದಾಮಿನವರು ಹಾಕೋ ಗುಳಿಗಿ ತಂದು ಮಲಗೋ ಮನ್ಯಾಗ ಯಾರೂ ಇಡಬ್ಯಾಡ್ರಿ, ಅದು ವಿಷಗಾಳಿ, ಮನಿಷಾರನ್ನ ಕೊಲ್ತದ.

ಮತ್ತೊಂದು ಮಾತು. ಗಂಜ್‌ನ್ಯಾಗ ಅಡತಿ (ದಲ್ಲಾಳಿ) ಕಮಿಷನ್ ಖರೀದಿದಾರ ಕೊಡಬೇಕು, ರೈತ ಅಲ್ಲ. ಬಿಲ್ಲಿನ್ಯಾಗ ನಿಮ್ಮ ರೊಕ್ಕದಾಗ ಹಿಡಿದಿದ್ರ ಕೇಳ್ರಿ. ಪಕ್ಕಾ ಬಿಲ್ ಅಲ್ಲದ ಬಿಳಿ ಚೀಟಿ ತಗೋಬ್ಯಾಡ್ರಿ. ಆನ್‌ಲೈನ್ ಟೆಂಡರ್ ದರ ಮನಸಿಗೆ ಬರಲಿಲ್ಲಂದ್ರ ಆ ಲಾಟ್ ಕೊಡಾಂಗಿಲ್ಲ ಅನ್ನೋ ಹಕ್ಕು ನಿಮಗದ. ಸಂಜಿ ಆಗ್ಯದ, ವಾಪಸ್ ಒಯ್ಯೋದ್ಯಾಂಗ ಅಂತ ಭಾಳ ಮಂದಿ ಒಪ್ಪಿಬಿಡ್ತಾರ. ಮುಂಜಾನಿ ಲಗೂನ ಬರ್ರಿ.

ಬೇಳೆಗಿರಣಿ

ಕೊಳ್ಳುವವರ ಕಡೆಯ ಲೆಕ್ಕ ಗೊತ್ತಿದ್ದರೆ ಮಾರುವವರಿಗೆ ಅನುಕೂಲ. ಇದು ಗುಟ್ಟೇನೂ ಅಲ್ಲ.

100 ಕಿಲೋ ತೊಗರಿಯಿಂದ ಒಳ್ಳೆ ಕಾಳಾದರೆ 70 ಕಿಲೋ ಆಸುಪಾಸು ಬೇಳೆ, ಉಳಿದದ್ದು ಹೊಟ್ಟು, ಚುನ್ನಿ, ನುಚ್ಚು, ಸ್ವಲ್ಪ ಧೂಳು. ಹೊಟ್ಟು ಚುನ್ನಿ ದನದ ಮೇವಿಗೆ ಹೋಗುತ್ತೆ. ಉದಾಹರಣೆಗೆ ತೊಗರಿ 7,000, ಗಿರಣಿ ಖರ್ಚು 300, ಹೊಟ್ಟು ಚುನ್ನಿಯಿಂದ ವಾಪಸ್ 500 ಅಂತ ಹಿಡಿಯಿರಿ. 6,800ನ್ನು 70ರಿಂದ ಭಾಗಿಸಿದರೆ ಬೇಳೆ ಕಿಲೋಗೆ 97 ರೂ. ಬಿತ್ತು. ಅದೇ ಕಾಳು ಸಣ್ಣದಾಗಿ, ಜೊಳ್ಳಾಗಿ 68 ಕಿಲೋ ಬೇಳೆ ಮಾತ್ರ ಬಂದರೆ ಕಿಲೋಗೆ 100 ಬೀಳುತ್ತೆ. ಬೇಳೆ ಮಾರುವ ದರ ನಮ್ಮ ಕೈಯಲ್ಲಿಲ್ಲ, ಹಾಗಾಗಿ ಆ 2 ಕಿಲೋದ ನಷ್ಟ, ಸುಮಾರು 200 ರೂಪಾಯಿ, ತೊಗರಿಯ ದರದಲ್ಲೇ ಕಳೆಯುತ್ತೆ. ಒಂದೇ ದಿನ, ಒಂದೇ ಕಟ್ಟೆ, ಎರಡು ಲಾಟ್‌ಗೆ 200, 300 ವ್ಯತ್ಯಾಸ ಬಿದ್ದರೆ ಅದು ಮೋಸವೇ ಆಗಬೇಕಿಲ್ಲ, ಇದೂ ಇರಬಹುದು. ಕೆಂಪು, ಬಿಳಿ ತೊಗರಿ ಬೆರೆಸಿ ತಂದರೂ ಹೀಗೇ. ಎರಡಕ್ಕೂ ಸಿಪ್ಪೆ ಬಿಡುವ ಗುಣ ಬೇರೆ, ಬೇರೆ ಬೇರೆ ಮಾಡಿ ತಂದರೆ ಎರಡಕ್ಕೂ ಬೆಲೆ ಬರುತ್ತೆ.

ಗಿರಣಿ ಯಾವಾಗ ಕೊಳ್ಳುತ್ತೆ ಅನ್ನೋದಕ್ಕೂ ಕಾರಣ ಇದೆ. ತೊಗರಿ ಸಿಪ್ಪೆ ಅಂಟಿನಿಂದ ಹಿಡಿದಿರುತ್ತೆ. ಮೊದಲು ಕಾಳನ್ನು ಉರುಳೆಯಲ್ಲಿ ಗೀರಿ, ಎಣ್ಣೆ ಹಚ್ಚಿ, ರಾತ್ರಿ ಹಾಗೇ ಬಿಟ್ಟು, ಮರುದಿನದಿಂದ ಬಿಸಿಲಿಗೆ ಹಾಕಿ, ನೀರು ಕೊಟ್ಟು, ಮತ್ತೆ ಒಣಗಿಸಿದ ಮೇಲೆ ಸಿಪ್ಪೆ ಬಿಡೋದು. ಫೆಬ್ರವರಿಯಿಂದ ಮೇವರೆಗೆ ಕಲಬುರಗಿ ಬಿಸಿಲಿನಲ್ಲಿ ಅಂಗಳವೇ ಡ್ರೈಯರ್. ಮಳೆಗಾಲದಲ್ಲಿ ಯಂತ್ರದಲ್ಲಿ ಒಣಗಿಸಬೇಕು, ಖರ್ಚು ಏರುತ್ತೆ, ಬೇಳೆ ಮುರಿಯುತ್ತೆ. ಆದ್ದರಿಂದ ಬೇಸಿಗೆಯಲ್ಲೇ ಬೇಳೆ ಮಾಡಿಟ್ಟುಕೊಳ್ಳಲು ಗಿರಣಿಗಳಿಗೆ ಫೆಬ್ರವರಿ, ಮಾರ್ಚ್, ಏಪ್ರಿಲ್‌ನಲ್ಲಿ ಒಣಕಾಳು ಬೇಕು. ಆವಕ ಇಳಿದು, ಬೇಡಿಕೆ ಇನ್ನೂ ಇರುವ ಮಾರ್ಚ್ ಎರಡನೇ ವಾರದಿಂದ ಏಪ್ರಿಲ್ ಕೊನೆಯ ಅವಧಿಯನ್ನು ರೈತರು ಕಡೆಗಣಿಸ್ತಾರೆ. ಒಂದೋ ಜನವರಿಯಲ್ಲಿ ಹಸಿ ಕಾಳು ತರ್ತಾರೆ, ಇಲ್ಲ ಆಗಸ್ಟ್‌ನಲ್ಲಿ ಹುಳ ಬಿದ್ದದ್ದು ತರ್ತಾರೆ!

ಇನ್ನು ಆಗಸ್ಟ್ ನಂತರದ್ದು. ಆಫ್ರಿಕಾದ ಕಾಳಿನ ಬೇಳೆ ನಮ್ಮದರಷ್ಟು ರುಚಿ ಇಲ್ಲ, ಬೇಯುವ ಹದವೂ ಬೇರೆ. ಆದರೆ ಅಗ್ಗ, ಬೆರೆಸಿ ಮಾರಲು ನಡೆಯುತ್ತೆ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ, ನಿಜ. ಆ ಹೆಸರಿಗೆ ಹೆಚ್ಚು ದುಡ್ಡು ಕೊಡೋದು ಬೇಳೆಯ ಗಿರಾಕಿ. ಚೀಲದ ಕಾಳಿಗೆ ಟೆಂಡರ್‌ನಲ್ಲಿ ಅದರ ಲಾಭ ಕಾಣೋದು ಅಪರೂಪ.

ಚಿತ್ತಾಪುರ_ಕಪ್ಪುನೆಲ

ಎಲ್ಲರಿಗೂ ಧನ್ಯವಾದ. ಒಣಗಿಸಲು ಇವತ್ತೇ ಹಾಕ್ತೀನಿ. @ಧಾರಣೆಪಟ್ಟಿ ಸರ್, ಇಟ್ಟುಕೊಂಡರೆ ಎಷ್ಟಕ್ಕೆ ಗಿಟ್ಟುತ್ತೆ ಅನ್ನೋ ಲೆಕ್ಕ ಬಾಕಿ ಉಳೀತು. ಊರಲ್ಲಿ ‘500 ಏರಿದರೆ ಸಾಕು, ಲಾಭವೇ’ ಅಂತಾರೆ.

ಧಾರಣೆಪಟ್ಟಿ

500ಕ್ಕೆ ಗಿಟ್ಟಲ್ಲ. ಕೂಡಿಸಿ ನೋಡಿ. ಜನವರಿ ಕೊನೆಗೆ ದರ 7,000, 12% ತೇವ, ಆಗಸ್ಟ್ ಕೊನೆಗೆ ಮಾರಾಟ, 7 ತಿಂಗಳು ಅಂತ ಹಿಡಿಯೋಣ. ಅಂಕಿ ನಿಮ್ಮದು ಹಾಕಿಕೊಳ್ಳಿ, ದಾರಿ ಇದೇ.

ಬಡ್ಡಿ: ವರ್ಷಕ್ಕೆ 12% ಆದರೆ 7,000ಕ್ಕೆ 7 ತಿಂಗಳಿಗೆ 490.
ಬಾಡಿಗೆ: 50 ಕಿಲೋ ಚೀಲಕ್ಕೆ ತಿಂಗಳಿಗೆ 8 ರೂ. ಅಂದರೆ ಕ್ವಿಂಟಾಲಿಗೆ 112.
ಹಮಾಲಿ, ಎರಡನೇ ಸಲದ ಗಾಡಿ: 60.
ಇಲ್ಲಿಗೆ 7,662.

ತೂಕ ಕೂಡ ಇಳಿಯುತ್ತೆ. 12%ನಿಂದ 10%ಗೆ ಒಣಗಿದರೆ 100 ಕಿಲೋ 97.8 ಕಿಲೋ ಆಗುತ್ತೆ (88ನ್ನು 90ರಿಂದ ಭಾಗಿಸಿ). ಹುಳ, ಇಲಿ, ಚೆಲ್ಲಿದ್ದು ಎಲ್ಲ ಸೇರಿ 1 ಕಿಲೋ. ಕೈಗೆ ಉಳಿಯೋದು 96.8. 7,662 ರೂಪಾಯಿ ಈ 96.8 ಕಿಲೋದಿಂದ ಹುಟ್ಟಬೇಕು, ಅಂದರೆ ಕ್ವಿಂಟಾಲಿಗೆ ಸುಮಾರು 7,920. ಸಮ ಆಗೋದಕ್ಕೇ 920 ಏರಬೇಕು. ಸಾಲ ಖಾಸಗಿ ಕೈಸಾಲವಾಗಿ ತಿಂಗಳಿಗೆ ನೂರಕ್ಕೆ 2 ಆದರೆ ಬಡ್ಡಿ 980 ಆಗಿ, ದರ 8,420 ದಾಟಬೇಕು. ಹಾಗಿದ್ದರೆ ಮರುಮಾತಿಲ್ಲದೆ ಈಗಲೇ ಮಾರಿ ಸಾಲ ಮುಗಿಸೋದು ಲೇಸು.

ಸಹಕಾರ ಸಂಘದ ಶೂನ್ಯ ಬಡ್ಡಿ ಬೆಳೆಸಾಲ ಇದ್ದರೆ ಮರುಪಾವತಿ ಗಡುವು ನೋಡಿಕೊಳ್ಳಿ. ಗಡುವು ತಪ್ಪಿದರೆ ಶೂನ್ಯ ಬಡ್ಡಿ ಹೋಗುತ್ತೆ. ಕಾಳು ಹಿಡಿದಿಡಲೆಂದು ಆ ಗಡುವು ತಪ್ಪಿಸಿಕೊಂಡರೆ ಲೆಕ್ಕವೇ ತಲೆಕೆಳಗು.

ಕಿಸಾನ್ ಕ್ರೆಡಿಟ್ ಕಾರ್ಡ್ ಇರುವ ಸಣ್ಣ, ಅತಿಸಣ್ಣ ರೈತರಿಗೆ ಇನ್ನೊಂದು ದಾರಿ: ನೋಂದಾಯಿತ ಉಗ್ರಾಣದಲ್ಲಿ ಕಾಳು ಇಟ್ಟು, ಅಲ್ಲಿ ಕೊಡುವ ಎಲೆಕ್ಟ್ರಾನಿಕ್ ರಸೀದಿ ಮೇಲೆ ಬ್ಯಾಂಕಿನಲ್ಲಿ ಅಡಮಾನ ಸಾಲ. ಬೆಳೆಸಾಲದ ರಿಯಾಯಿತಿ ಬಡ್ಡಿ ಇದಕ್ಕೂ ಸಿಗುತ್ತೆ, ಕಟಾವಿನ ನಂತರ ಗರಿಷ್ಠ 6 ತಿಂಗಳಿಗೆ. ಉಗ್ರಾಣ ನೋಂದಾಯಿತ ಹೌದೋ ಅಲ್ಲವೋ ಅಂತ ಮೊದಲು ಕೇಳಿ. ಸಾದಾ ಗೋದಾಮಿನ ಕಾಗದದ ಚೀಟಿಗೆ ಈ ಸೌಲಭ್ಯ ಇಲ್ಲ. 24 ಕ್ವಿಂಟಾಲ್‌ಗೆ ಓಡಾಟ ಗಿಟ್ಟುತ್ತಾ ಅನ್ನೋದು ಉಗ್ರಾಣ ಎಷ್ಟು ದೂರ ಅನ್ನೋದರ ಮೇಲೆ.

ಅರ್ಜಿಸರತಿ

ಬೆಂಬಲ ಬೆಲೆ ವಿಷಯ ಯಾರೂ ಮುಟ್ಟಿಲ್ಲ. 8,000ದ ಮುಂದೆ 7,000 ಅಂದರೆ ಕ್ವಿಂಟಾಲಿಗೆ 1,000 ವ್ಯತ್ಯಾಸ. ಏಳು ತಿಂಗಳು ಕಾಯುವ ಯಾವ ಲೆಕ್ಕವೂ ಇದರ ಮುಂದೆ ನಿಲ್ಲಲ್ಲ. ಆದರೆ ಬಹಳ ಜನ ಸಣ್ಣ ತಪ್ಪಿಗೆ ಇದನ್ನು ಕಳೆದುಕೊಳ್ತಾರೆ.

ಮೊದಲನೆಯದು ಫ್ರೂಟ್ಸ್ ಐಡಿ (ಸರ್ಕಾರದ ರೈತ ನೋಂದಣಿ ಸಂಖ್ಯೆ) ಮತ್ತು ಬೆಳೆ ಸಮೀಕ್ಷೆ. ಸಮೀಕ್ಷೆಯಲ್ಲಿ ನಿಮ್ಮ ಸರ್ವೆ ನಂಬರಿಗೆ ‘ತೊಗರಿ’ ಅಂತಲೇ ಬಂದಿರಬೇಕು. ಹೆಸರುಕಾಳು ಅಥವಾ ಹತ್ತಿ ಜತೆ ಅಕ್ಕಡಿ (ಮಿಶ್ರ ಬೆಳೆ) ಹಾಕಿದ್ದರೆ ಆ ಬೆಳೆ ಮಾತ್ರ ದಾಖಲಾಗಿ ತೊಗರಿ ಬಿಟ್ಟುಹೋಗಿರುತ್ತೆ. ಕೇಂದ್ರದಲ್ಲಿ ಕಂಪ್ಯೂಟರ್ ತೆಗೆದಾಗ ನಿಮ್ಮ ಹೆಸರಿಗೆ ತೊಗರಿ ಸೊನ್ನೆ. ಖರೀದಿ ಶುರುವಾದ ಮೇಲೆ ತಿದ್ದಿಸೋದು ಹೆಣಗಾಟ, ಆಕ್ಷೇಪಣೆ ಸಲ್ಲಿಸುವ ಅವಧಿಯಲ್ಲೇ ತಿದ್ದಿಸಬೇಕು. ಜಂಟಿ ಖಾತೆ ಜಮೀನಿದ್ದರೆ ಯಾರ ಐಡಿಗೆ ಎಷ್ಟು ಎಕರೆ ಜೋಡಣೆ ಆಗಿದೆ ನೋಡಿ.

ಎರಡನೆಯದು ಮಿತಿ. 2024-25ರಲ್ಲಿ ಎಕರೆಗೆ 4 ಕ್ವಿಂಟಾಲ್, ಒಬ್ಬ ರೈತನಿಂದ ಗರಿಷ್ಠ 40 ಕ್ವಿಂಟಾಲ್ ಇತ್ತು. (ಆ ವರ್ಷ ಕೇಂದ್ರ ಸರ್ಕಾರದ 7,550ಕ್ಕೆ ರಾಜ್ಯ 450 ಪ್ರೋತ್ಸಾಹಧನ ಸೇರಿಸಿ 8,000 ಮಾಡಿತ್ತು.) ಆ ಮಿತಿಯೇ ಇದ್ದರೆ ನಿಮ್ಮ 6 ಎಕರೆಗೆ 24 ಸರಿಯಾಗಿ ಹೊಂದುತ್ತೆ.

ಮೂರನೆಯದು ಗುಣಮಟ್ಟ. ತೇವ 12, ಕಸಕಡ್ಡಿ 2, ಬೇರೆ ಕಾಳು 3, ಹಾಳಾದದ್ದು 3, ಜೊಳ್ಳು 3, ಹುಳ ತಿಂದದ್ದು 4, ಎಲ್ಲ ಶೇಕಡಾವಾರು. ಗಂಜ್‌ನಲ್ಲಿ 13 ತೇವ ಇದ್ದರೆ ದರ ಕಡಿಮೆ ಮಾಡಿ ಕೊಳ್ತಾರೆ, ಇಲ್ಲಿ ವಾಪಸ್ ಕಳಿಸ್ತಾರೆ. ಗಾಡಿ ಬಾಡಿಗೆ ನಿಮ್ಮದೇ. ಅದಕ್ಕೇ ಒಂದು ಹಿಡಿ ಮಾದರಿ ಒಯ್ದು ತೋರಿಸಿ ಆಮೇಲೆ ಚೀಲ ತುಂಬಿ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಿಗಿಯಾಗಿ ಒಯ್ಯಿರಿ, ಜೇಬಿನಲ್ಲಿ ಒಯ್ದರೆ ಮನೆಯಿಂದ ಕೇಂದ್ರಕ್ಕೆ ಹೋಗುವಷ್ಟರಲ್ಲೇ ಒಣಗಿ ತಪ್ಪು ಅಂಕಿ ತೋರಿಸುತ್ತೆ.

ಕೊನೆಗೆ ಹಣ. ಆಧಾರ್ ಜೋಡಣೆ ಆದ ಖಾತೆಗೆ ಬೀಳುತ್ತೆ, ಗಂಜ್‌ನ ಹಾಗೆ ಕೈಗಲ್ಲ. ಕೆಲವು ವಾರ ತಡ ಆಗುತ್ತೆ ಅಂತ ಮೊದಲೇ ಲೆಕ್ಕದಲ್ಲಿಟ್ಟುಕೊಳ್ಳಿ. ಹಳೇ ಖಾತೆಗೆ ಆಧಾರ್ ಜೋಡಿಸಿ ಮರೆತಿದ್ದರೆ ಹಣ ಅಲ್ಲಿಗೆ ಹೋಗಿ ಕೂತಿರುತ್ತೆ, ನೀವು ಬೇರೆ ಬ್ಯಾಂಕಿನಲ್ಲಿ ಕಾಯ್ತಿರ್ತೀರಿ.

ನರಗುಂದ_ಹೆಸರು

ತೊಗರಿ ಚರ್ಚೆಗೆ ನಡುವೆ ಬಂದೆ, ಕ್ಷಮಿಸಿ. ಇದೇ ಲೆಕ್ಕ ಹೆಸರುಕಾಳಿಗೆ ಹಾಕಬೇಡಿ, ಅದರ ಗಡಿಯಾರ ಬೇರೆ. ಗದಗ, ಧಾರವಾಡ ಕಡೆ ಹೆಸರು ಬರೋದು ಆಗಸ್ಟ್ ಮಧ್ಯದಿಂದ. ದೇಶದಲ್ಲಿ ಮುಂಗಾರಿ ಹೆಸರು ಹೆಚ್ಚು ಬೆಳೆಯುವ ರಾಜಸ್ಥಾನದ ಕಾಳು ಸೆಪ್ಟೆಂಬರ್ ಕೊನೆಗೆ ಶುರು. ನಡುವೆ ಇರುವ ನಾಲ್ಕೈದು ವಾರವೇ ನಮ್ಮ ಅವಕಾಶ. ಆ ಅವಧಿಯಲ್ಲಿ ಮಳೆ ಹಿಡಿದರೆ ಕಾಳು ಕಪ್ಪಾಗಿ ಅವಕಾಶ ಅಲ್ಲೇ ಮುಗಿಯುತ್ತೆ. ಕಪ್ಪಾದ ಹೆಸರನ್ನು ಇಟ್ಟರೆ ಬೆಲೆ ಬರಲ್ಲ, ವಾಸನೆ ಬರುತ್ತೆ. ಹಸಿರು ಹೊಳಪಿನ ಒಣ ಹೆಸರಿದ್ದರೆ ಮಾತ್ರ ಡಿಸೆಂಬರ್ ತನಕ ಕಾಯಬಹುದು. ಅದಕ್ಕೂ ಮುಂದೆ ಹೋದರೆ ಮಧ್ಯಪ್ರದೇಶದ ಬೇಸಿಗೆ ಹೆಸರು ಜೂನ್ ಹೊತ್ತಿಗೆ ಎದುರಾಗುತ್ತೆ.

ಕಡಲೆಗೆ ನಮ್ಮವರಿಗೆ ಒಂದು ಅನುಕೂಲ ಇದೆ: ನಮ್ಮದು ಫೆಬ್ರವರಿಗೇ ಬರುತ್ತೆ, ಮಧ್ಯಪ್ರದೇಶ, ರಾಜಸ್ಥಾನದ ದೊಡ್ಡ ಆವಕ ಮಾರ್ಚ್, ಏಪ್ರಿಲ್‌ಗೆ. ಮೊದಲ ಮೂರು ವಾರದಲ್ಲಿ ಮಾರಿದರೆ ತೊಗರಿಯ ಹಾಗೆ ತಗ್ಗು ದರ ಅಂತಲೇ ಹೇಳಕ್ಕಾಗಲ್ಲ. ದಸರಾ, ದೀಪಾವಳಿಯ ಕಡಲೆಹಿಟ್ಟಿನ ಬೇಡಿಕೆಗೆ ತಡೆದಿಡುವ ಪದ್ಧತಿ ಇತ್ತು. 2023ರ ಡಿಸೆಂಬರ್‌ನಿಂದ ಹಳದಿ ಬಟಾಣಿ ಸುಂಕವಿಲ್ಲದೆ ಬಂದು ಹಿಟ್ಟಿಗೆ ಬೆರೆಯೋಕೆ ಶುರುವಾದ ಮೇಲೆ ಅದು ಸಪ್ಪಗಾಯಿತು. 2025ರ ನವೆಂಬರ್ 1ರಿಂದ ಬಟಾಣಿಗೆ 30% ಸುಂಕ ಹಾಕಿದರು. ಕಡಲೆ ಇಟ್ಟವರು ತೊಗರಿಯವರಿಗಿಂತ ಹೆಚ್ಚಾಗಿ ಸುಂಕದ ಸುದ್ದಿ ನೋಡಬೇಕು.

ಚಿತ್ತಾಪುರ_ಕಪ್ಪುನೆಲ

ಸಮೀಕ್ಷೆ ಈಗ ತೆಗೆದು ನೋಡಿದೆ. 4 ಎಕರೆ ಮಾತ್ರ ತೊಗರಿ ಅಂತಿದೆ, ಉಳಿದ 2 ಎಕರೆಗೆ ಹೆಸರುಕಾಳು ಅಂತ ಬರೆದಿದ್ದಾರೆ. ಅಂದರೆ ಕೇಂದ್ರಕ್ಕೆ 16 ಕ್ವಿಂಟಾಲ್. ಉಳಿದ 8 ಕ್ವಿಂಟಾಲ್ 10%ಗೆ ಒಣಗಿಸಿ ಮಾರ್ಚ್ ಮೂರನೇ ವಾರದಲ್ಲಿ ಗಂಜ್‌ಗೆ ಹಾಕಲಾ?

ಗಂಜ್‌ಕಟ್ಟೆ

ಮಾರ್ಚ್‌ಗೆ ಮಾರೋದಿದ್ರ 10 ಯಾಕ್ರಿ ಅಣ್ಣಾರ? 11ಕ್ಕ ಬಿಡ್ರಿ. ಎರಡು ತಿಂಗಳಿಗೆ ಹುಳ ಅಷ್ಟು ಜೋರಾಗಂಗಿಲ್ಲ, ಕ್ವಿಂಟಾಲಿಗೆ ಒಂದು ಕಿಲೋ ಮ್ಯಾಲ ತೂಕ ಉಳೀತದ. ಕೇಂದ್ರದ 16 ಕ್ವಿಂಟಾಲ್ ಮಾತ್ರ ಮೀಟರ್‌ನ್ಯಾಗ 11.5 ತೋರಿಸೋ ತನಕ ಒಣಗಸ್ರಿ. ಅವರ ಮೀಟರ್ ನಿಮ್ಮದಕ್ಕಿಂತ ಅರ್ಧ ಹೆಚ್ಚಿಗಿ ತೋರಿಸಿದ್ರ ಗಾಡಿ ತಿರುಗಿ ಬರ್ತದ.

ಅರ್ಜಿಸರತಿ

ಆ 2 ಎಕರೆ ತಿದ್ದುಪಡಿಗೆ ಈಗಲೇ ಅರ್ಜಿ ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಿ. ಹೊಲದಲ್ಲಿ ಕಟಾವಿನ ಮೋಟು ಇನ್ನೂ ನಿಂತಿದ್ದರೆ ಸರ್ವೆ ನಂಬರ್ ಸಮೇತ ಜಿಪಿಎಸ್ ಫೋಟೊ ತೆಗೀರಿ. ರೋಟವೇಟರ್ ಹೊಡೆದ ಮೇಲೆ ತೋರಿಸೋಕೆ ಏನೂ ಉಳಿಯಲ್ಲ.